ಗೋಡೆಯ ಮೇಲಿನ ಲೋಟ

ಆಷಾಢ ಬಹುಳ ಏಕಾದಶಿ, ಗುರುವಾರ. ಕಾಯ್ಕಿಣಿ.

ಉಪವಾಸದ ಆಯಾಸಕ್ಕಿಂತ ಮಿಗಿಲಾಗಿ ಒಂದು ಇಂಗ್ಲಿಷ್ ಶಬ್ದ ನನ್ನನ್ನು ಕುಗ್ಗಿಸಿದೆ. ನಮ್ಮ ಕೊಟ್ಟಿಗೆ ಕೆಲಸದ ಸುಕ್ರಿಯ ಮೊಮ್ಮಗಳು ಪೂರ್ಣಿಮಾ ಸಂಜೆ ಪಾಠಕ್ಕೆ ಬಂದವಳು ‘ಮಿಸ್‌ಟ್ರೀಟ್’ ಎಂಬುದರ ಅರ್ಥ ಕೇಳಿದಳು. ಒಬ್ಬರನ್ನು ಹೀನಾಯವಾಗಿ ನಡೆಸಿಕೊಳ್ಳುವುದು ಎಂದೆ.

“ಹೊಡೀದೆ ಇದ್ರೂ ಈ ಶಬ್ದ ಹಾಕುಕೆ ಆತದ್ಯಾ, ಭಟ್ರೆ?”

“ಆತದೆ. ಅವಮಾನ ಮಾಡಿದ್ರೂ ಸಾಕು. ಒಂದು ವಾಕ್ಯ ಬರಿ.”

ಜಗಲಿಯ ಮೆಟ್ಟಿಲಲ್ಲಿ ಕುಳಿತು ಬರೆದಳು: ಅಜ್ಜಿ ಮೂವತ್ತು ವರ್ಷ ದುಡಿದ ಮನೆಯಲ್ಲಿ ಅವಳ ಚಹಾದ ಲೋಟ ಇಂದಿಗೂ ಹೊರಗೋಡೆಯ ಮೇಲಿದೆ, ಅವರು ಅವಳನ್ನು ಮಿಸ್‌ಟ್ರೀಟ್ ಮಾಡುತ್ತಾರೆ. ಯಾರ ಮನೆಯೆಂದು ಬರೆದಿರಲಿಲ್ಲ. ತಿದ್ದಲು ತಪ್ಪು ಹುಡುಕಿದೆ, ಸಿಗಲಿಲ್ಲ.

“ಸರಿ ಇದ್ಯಾ?”

“ಸರಿಯೇ ಇದೆ” ಎಂದು ಗುರುತು ಹಾಕಿಕೊಟ್ಟೆ.

ಸಂಧ್ಯಾವಂದನೆಯಲ್ಲಿ ಮಂತ್ರ ಎರಡು ಬಾರಿ ತಪ್ಪಿತು. ಶುಚಿಯೆಂಬ ಹೆಸರಿನಲ್ಲಿ ಇಷ್ಟು ಕಾಲ ನಾನು ಕಾಪಾಡಿಕೊಂಡು ಬಂದದ್ದಾದರೂ ಏನನ್ನು? ಎದ್ದು ಹೋಗಿ ಆ ಲೋಟವನ್ನು ತಂದೆ. ಅಡುಗೆಮನೆಯವರೆಗೆ ಒಯ್ಯಲು ಕಾಲು ಬರಲಿಲ್ಲ. ಹೊಸ್ತಿಲ ಮೇಲೆಯೇ ಇಟ್ಟು ಬಂದಿದ್ದೇನೆ. ಬೆಳಿಗ್ಗೆ ಸುಕ್ರಿ ಬರುವುದರೊಳಗೆ ಅದನ್ನು ಒಳಗೋ ಹೊರಗೋ…