ಅಂಚು ಬೇಯದ ರೊಟ್ಟಿ

೧೧ ಫೆಬ್ರುವರಿ ೧೯೪೬, ಸೋಮವಾರ. ಬೆಳಿಗ್ಗೆ ಏಳು.

ಸ್ಟೋವಿನ ತೂತು ಮತ್ತೆ ಕಟ್ಟಿತು. ತಂದು ಎಂಟು ದಿನವಾಗಿಲ್ಲ, ಇದು ಆರನೆಯ ಸಲ. ಪಿನ್ನು ಚುಚ್ಚಿದೆ. ತುದಿ ಮುರಿದು ತೂತಿನೊಳಗೇ ಕೂತಿತು. ಈ ಸ್ಟೋವಿಗೆ ಈ ಕಂಪನಿಯದೇ ಪಿನ್ನು ಆಗಬೇಕಂತೆ. ಬೇರೆಯದು ದಪ್ಪ. ನಮ್ಮ ಟಿಕೋಟದಲ್ಲಿ ಸಿಗದು. ವಿಜಾಪುರದ ಅಂಗಡಿಯವ ‘ಮುಂಬಯಿಂದ ಬರಬೇಕ್ರಿ’ ಎಂದು ಕೈ ತಿರುವುತ್ತಾನೆ. ತೂತು ಮಾಡಿದವರೂ ಅವರೇ, ತೂತಿಗೆ ಸೂಜಿ ಮಾರುವವರೂ ಅವರೇ. ಥೂ!

ಡಬ್ಬಿಯ ಮೇಲೆ ಒಬ್ಬ ಬಿಳಿಯ ಮಡಮ್ಮನ ಚಿತ್ರ. ಕೈಯಲ್ಲಿ ಕೆಟಲಿ, ಮುಖದಲ್ಲಿ ನಗು. ಆ ನಗು ನೋಡಿದರೆ ಮೈ ಉರಿಯುತ್ತದೆ.

ಆದರೂ ಸಹಿಸುತ್ತಿದ್ದೇನೆ, ರುದ್ರವ್ವನ ಕಣ್ಣಿಗಾಗಿ. ವಿಜಾಪುರದ ಕಣ್ಣಿನ ಡಾಕ್ಟರು ಜನವರಿಯಲ್ಲೇ ಹೇಳಿದ್ದಾರೆ. ಇವಳಿಗೆ ಇನ್ನು ಹೊಗೆ ತಾಗಕೂಡದು, ತಾಗಿದರೆ ಎಡಗಣ್ಣು ಹೋಗುತ್ತದೆ, ಆಮೇಲೆ ಬಲಗಣ್ಣು. ನನ್ನನ್ನು ಮದುವೆಯಾಗಿ ಹದಿನಾಲ್ಕು ವರ್ಷ ಹತ್ತಿಕಟ್ಟಿಗೆ, ಕುಳ್ಳಿನ ಹೊಗೆಯಲ್ಲಿ ಕೂತು ರೊಟ್ಟಿ ಬಡಿದಿದ್ದಾಳೆ. ಡಾಕ್ಟರ ಮನೆಯಿಂದ ನೆಟ್ಟಗೆ ಅಂಗಡಿಗೆ ಹೋಗಿ ಸ್ಟೋವು ತರಿಸಲು ಹೇಳಿಬಂದೆ. ಸ್ಟೋವು ಬಂದದ್ದು ಈ ತಿಂಗಳು.

ಚಹಾ ಇಲ್ಲದೆ ಪೋಸ್ಟಾಫೀಸಿಗೆ ಹೊರಟಿದ್ದೇನೆ. ಇವತ್ತು ಯಾರಾದರೂ ತೂಕ ತಪ್ಪಿದ ಲಕೋಟೆ ತರಲಿ, ನೋಡುತ್ತೇನೆ.

೧೪ ಫೆಬ್ರುವರಿ

ಪಿನ್ನು ಸಿಕ್ಕಿತು. ಇನ್ನು ಮೇಲೆ ರೊಟ್ಟಿಯೂ ಸ್ಟೋವಿನ ಮೇಲೆಯೇ ಎಂದು ಹೇಳಿ ಹೋಗಿದ್ದೆ. ಒಂದು ಗಂಟೆಗೆ ಊಟಕ್ಕೆ ಬಂದರೆ ರೊಟ್ಟಿ ನಡುವೆ ಕರ್ರಗೆ, ಅಂಚು ಹಸಿ ಹಿಟ್ಟು.

“ಉರಿ ಎಲ್ಲಾ ನಡುವ ಬರ್ತದ್ರಿ...” ಎಂದು ರುದ್ರವ್ವ ಶುರು ಮಾಡಿದಳು.

“ಕುಣೀಲಾರದಾಕಿ ನೆಲ ಡೊಂಕ ಅಂದ್ಲಂತ,” ಎಂದೆ. “ಅಭ್ಯಾಸ ಮಾಡು. ಕೈ ಕೂಡತದ.”

ನಕ್ಕೇ ಹೇಳಿದ್ದು. ಅವಳು ನಗಲಿಲ್ಲ. ಅವ್ವ ಹಸಿ ಅಂಚು ಕಿತ್ತು ಎಮ್ಮೆಗೆ ಹಾಕಿದಳು.

೨೦ ಫೆಬ್ರುವರಿ

ಕೈ ಕೂಡಿತು! ರೊಟ್ಟಿ ಹೂವಿನ ಹಾಗೆ. ಅಂಚಿನ ತನಕ ಬೆಂದಿದೆ. ಹೇಳಿದೆನಲ್ಲ, ಎಲ್ಲಾ ಅಭ್ಯಾಸ.

ಬಬಲೇಶ್ವರದ ಪೋಸ್ಟಮಾಸ್ತರ ಬಸಗೊಂಡಪ್ಪ ಟಪಾಲು ಚೀಲದ ಜೊತೆ ಚೀಟಿ ಕಳಿಸಿದ್ದಾನೆ. ಅವನೂ ಇದೇ ಸ್ಟೋವು ತಂದಿದ್ದ. ಈಗ ಅದನ್ನು ಬಾಗಿಲು ಬಡಿಯದಂತೆ ಅಡ್ಡ ಇಟ್ಟಿದ್ದಾನಂತೆ. ಹೆಂಡತಿಗೆ ಕಲಿಸಲು ಬಾರದವನು.

೩ ಮಾರ್ಚ್, ರವಿವಾರ

ಪಂಪು ಸತ್ತಿತು. ಒತ್ತಿದರೆ ಗಾಳಿಯೇ ಇಲ್ಲ, ಮುದುಕನ ಕೆಮ್ಮಿನ ಹಾಗೆ ಒಂದು ಸದ್ದು ಮಾತ್ರ. ತೊಡೆಯ ಮೇಲೆ ಇಟ್ಟುಕೊಂಡು ಇದ್ದಿಲ ಗ್ಯಾಸಿನ ಮೋಟಾರಿನಲ್ಲಿ ವಿಜಾಪುರಕ್ಕೆ ಒಯ್ದೆ. ಧೋತರಕ್ಕೆಲ್ಲ ಸ್ಟೋವಿನ ಚಿಮಣಿ ಎಣ್ಣೆ. ಇಬ್ರಾಹಿಂಪುರದಲ್ಲಿ ರೈಲುಹಳಿಯ ಹತ್ತಿರ ನಿಜಾಮುದ್ದೀನನ ದುಕಾನು. ಕಂದೀಲು, ಸ್ಟೋವು, ಬೀಗ, ಎಲ್ಲಾ ರಿಪೇರಿ. ಪಂಪು ಬಿಚ್ಚಿ, ಒಳಗಿನ ತೊಗಲಿನ ಬಿಲ್ಲೆ ಮೂಸಿ ನೋಡಿದ.

“ಮಾಸ್ತರ, ವಾಯಸರಿಗೆ ಏನ ಎಣ್ಣಿ ಬಿಟ್ಟೀರಿ?”

“ಕುಸುಬಿ ಎಣ್ಣಿ. ಎಣ್ಣಿ ಬಿಡಬೇಕಂತ ಪುಸ್ತಕದಾಗ ಐತಿ.”

ಹಣೆ ಬಡಿದುಕೊಂಡ. “ಕುಸುಬಿ ಎಣ್ಣಿ ಒಣಗಿದ್ರ ಅಂಟ ಆಗ್ತದ್ರೀ! ಬಂಡಿ ಬಣ್ಣಕ್ಕ ಹಾಕೋ ಮಾಲು ಇದು. ತೊಗಲು ಕಟ್ಟಿಗಿ ಆಗೇದ ನೋಡ್ರಿ. ನೀವೊಬ್ಬರಲ್ಲ, ಜೈನಾಪುರದಿಂದ ಮೂರು ಬಂದಾವ, ಮೂರಕ್ಕೂ ಕುಸುಬೀನ.”

ಮತ್ತೇನು ಹಾಕಬೇಕು? ನಮ್ಮ ಕಡೆ ಮನೆಯಲ್ಲಿರುವ ಎಣ್ಣೆ ಅದೊಂದೇ. ಹೋಳಿಗೆಗೂ ಅದೇ, ತಲೆಗೂ ಅದೇ. ಮಷೀನಿನ ಎಣ್ಣೆಯೇ ಆಗಬೇಕೆಂದು ಪುಸ್ತಕದ ಕೊನೆಯ ಹಾಳೆಯಲ್ಲಿ ಇರುವೆ ಕಾಲಿನಷ್ಟು ಅಕ್ಷರದಲ್ಲಿ ಅಚ್ಚು ಹಾಕಿದ್ದಾರೆ, ಕಳ್ಳರು.

ಮನೆಗೆ ಬಂದು ತೊಗಲಿನ ವಾಯಸರೆಂದು ಬಾಯಿ ಜಾರಿತು. ಅವ್ವ ಎದ್ದು ನಿಂತಳು. “ತೊಗಲು? ಅಡಗಿ ಮನ್ಯಾಗ?”

“ನೀರೆತ್ತೋ ಮೊಟ್ಟಿನೂ ತೊಗಲಿಂದ ಅಲ್ಲೇನ ಬೇ? ಆ ಬಾವೀ ನೀರು ಕುಡಿಯಂಗಿಲ್ಲ ನೀನು?” ಎಂದೆ. ಒಪ್ಪಿದ ಹಾಗೆ ಕಾಣಲಿಲ್ಲ.

೪ ಮಾರ್ಚ್

ಕಂಪನಿಗೆ ಇಂಗ್ಲೀಷಿನಲ್ಲಿ ಪತ್ರ ಬರೆದೆ. ನಾಲ್ಕು ಹಾಳೆ. ಪಿನ್ನು, ವಾಯಸರು, ಎಣ್ಣೆ, ನೆಲದ ಮೇಲೆ ಸರಿಯಾಗಿ ಕೂಡ್ರದ ಸ್ಟೋವಿನ ಕಾಲು, ಎಲ್ಲಾ. ಕೊನೆಗೆ, ‘ಇದನ್ನು ಯಾರು ಬಳಸುತ್ತಾರೆಂದು ಒಂದು ಸಲವಾದರೂ ವಿಚಾರಿಸಿದ್ದೀರಾ?’ ಎಂದು ಕೇಳಿದೆ. ಒಳ್ಳೆಯ ಪತ್ರ. ಎರಡು ಸಲ ಓದಿ, ನಾನೇ ಮುದ್ರೆ ಹೊಡೆದು ಚೀಲಕ್ಕೆ ಹಾಕಿದೆ.

೨೧ ಮೇ

ಕಂಪನಿಯ ಉತ್ತರ. ಉತ್ತರವಲ್ಲ, ಅಚ್ಚಾದ ಒಂದು ಕಾರ್ಡು, ನಿಮ್ಮ ಆದರಕ್ಕೆ ಧನ್ಯವಾದಗಳೆಂದು. ಜೊತೆಗೆ ಹೊಸ ಮಾದರಿಯ ಜಾಹೀರಾತು. ಅದರಲ್ಲಿ ಪಿನ್ನು ಒಳಗೇ ಇದೆಯಂತೆ. ಹಳೆಯ ಮಾದರಿಯ ಪಿನ್ನು ಇನ್ನು ಮುಂದೆ ಮಾಡುವುದಿಲ್ಲವಂತೆ. ಅದೇ ಮಡಮ್ಮ, ಅದೇ ನಗು. ಹರಿದು ಒಲೆಗೆ ಹಾಕೋಣವೆಂದರೆ ಮನೆಯಲ್ಲಿ ಒಲೆ ಹೊತ್ತಿಸುವುದನ್ನೇ ನಿಲ್ಲಿಸಿದ್ದೇವೆ. ತಿಪ್ಪೆಗೆ ಎಸೆದೆ.

ಒಂದು ಸಮಾಧಾನ. ರೇಶನ್ ಚಿಮಣಿ ಎಣ್ಣೆ ಈ ತಿಂಗಳೂ ಉಳಿದಿದೆ. ರುದ್ರವ್ವ ಬಹಳ ಹಿಡಿತದಿಂದ ಬಳಸುತ್ತಾಳೆ. ಸ್ಟೋವನ್ನೂ ಥಳಥಳ ಇಟ್ಟಿದ್ದಾಳೆ. ಮನೆಯಲ್ಲಿ ಒಮ್ಮೊಮ್ಮೆ ಹೊಗೆ ವಾಸನೆ, ಪಕ್ಕದ ಶೇಜಿಮನೆ ಗುರಣ್ಣನ ಒಲೆಯದು. ಅವನಿಗೊಂದು ಮಾತು ಹೇಳಬೇಕು.

೮ ಜುಲೈ, ಸೋಮವಾರ

ಡಾಕ್ಟರು ರುದ್ರವ್ವನ ರೆಪ್ಪೆ ಮಗುಚಿ ನೋಡಿದರು. ದೀಪ ಹಿಡಿದು ಮತ್ತೆ ನೋಡಿದರು.

“ಹೊಗೆ ನಿಂತಿಲ್ಲ,” ಎಂದರು.

“ಐದು ತಿಂಗಳಾತ್ರಿ ನಿಂತು! ಸ್ಟೋ ತಂದೇನ್ರಿ,” ಎಂದೆ. ದನಿ ಏರಿತು. ಅವರು ನನ್ನನ್ನು ನೋಡಲಿಲ್ಲ, ಅವಳನ್ನೇ ನೋಡಿದರು. ಅವಳು ಸೆರಗಿನ ತುದಿ ಸುತ್ತುತ್ತ ಕೂತಿದ್ದಳು.

ಎಡಗಣ್ಣು ಇನ್ನು ಬರುವುದಿಲ್ಲ. ಬಲಗಣ್ಣು ಉಳಿಸಿಕೊಳ್ಳಿರಿ, ಎಂದರು.

ಮೋಟಾರಿನಲ್ಲಿ ಊರಿಗೆ ಹೊರಟೆವು. ನಾನು ಡಾಕ್ಟರನ್ನು ಮನಸ್ಸಿನಲ್ಲೇ ಬೈದೆ. ಓದಿದ್ದು ಸಾಲದು ಅವನಿಗೆ. ನಾಳೆ ಗುರಣ್ಣನಿಗೂ ಇದೆ.

೯ ಜುಲೈ. ಮಧ್ಯಾಹ್ನ.

ಟಪಾಲು ಮೋಟಾರು ಕೆಟ್ಟು ನಿಂತಿದೆಯೆಂದು ಸುದ್ದಿ ಬಂತು. ಕೆಲಸವಿಲ್ಲ. ಹನ್ನೊಂದಕ್ಕೇ ಮನೆಗೆ ಬಂದೆ.

ಪಡಸಾಲೆಗೇ ಹೊಗೆ ಬಂದಿತ್ತು. ಒಳಗೆ ಒಲೆ ಧಗಧಗ. ರುದ್ರವ್ವ ಎಡಗೈಯಿಂದ ಕಣ್ಣು ಒರೆಸಿಕೊಳ್ಳುತ್ತ ಬಲಗೈಯಿಂದ ರೊಟ್ಟಿ ಬಡಿಯುತ್ತಿದ್ದಳು. ಗೂಡಿನಲ್ಲಿ ಸ್ಟೋವು, ಹೊಳೆಯುತ್ತ.

“ಇದೇನು?”

“ರೊಟ್ಟಿರಿ,” ಎಂದಳು. ಕೈ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಹಿಟ್ಟು ಬಿರಿಯುತ್ತದೆ.

“ಸ್ಟೋ?”

“ಅದರ ಮ್ಯಾಲೆ ಚಾ ಆಗ್ತದ. ಹಾಲು ಕಾಯ್ತದ. ರೊಟ್ಟಿ ಆಗಂಗಿಲ್ರಿ. ಹಂಚು ಇಷ್ಟಗಲ, ಉರಿ ರೂಪಾಯಿಯಷ್ಟು. ಆವತ್ತ ಹೇಳಾಕ ಬಂದಿದ್ದೆ. ನೆಲ ಡೊಂಕ ಅಂದ್ರಿ.”

ಅವ್ವ ಮೂಲೆಯಿಂದ ಹೇಳಿದಳು. “ದಿನಾ ಹುಣಸಿಹಣ್ಣ ಹಚ್ಚಿ ತಿಕ್ಕಿ ಇಡ್ತಾಳ, ನೀ ನೋಡಿ ಹಿಗ್ಗತಿ ಅಂತ. ನಾನೂ ಬಾಯಿ ಮುಚ್ಚಿಕೊಂಡು ಕುಂತೆ ಯಪ್ಪಾ. ನನ್ನದೂ ತಪ್ಪ.”

“ಕಣ್ಣ ಹೋಗ್ತಾವ ಅಂತ ಗೊತ್ತಿದ್ದೂ?” ಎಂದು ಕೂಗಿದೆ.

ಈಗ ರುದ್ರವ್ವ ಕೈ ನಿಲ್ಲಿಸಿದಳು.

“ಮನಿಗಿ ತಂದಾಗಿಂದ ಅದಕ್ಕ ಬೈಯಾಕತ್ತೀರಿ. ಪಿನ್ನಿಗಿ ಬೈದ್ರಿ, ಎಣ್ಣಿಗಿ ಬೈದ್ರಿ, ಮಡಮ್ಮಗೂ ಬೈದ್ರಿ. ರೊಟ್ಟಿನೂ ಆಗವೊಲ್ದು ಅಂದಿದ್ರ ನನಗ ಬೈತಿದ್ರಿ. ತರೂ ಮುಂದ ನನ್ನ ಒಂದ ಮಾತು ಕೇಳಿದ್ರೇನ್ರಿ?”

ಆ ರೊಟ್ಟಿ ಬಿರಿದು ಹೋಯಿತು. ನಾನು ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ.

೧೦ ಜುಲೈ

ಕಂಪನಿಗೆ ಬರೆದ ಪತ್ರದ ನಕಲು ತೆಗೆದು ಓದಿದೆ. ನಾಲ್ಕು ಹಾಳೆಯಲ್ಲಿ ರೊಟ್ಟಿ ಎಂಬ ಮಾತೇ ಇಲ್ಲ. ಪಿನ್ನಿನಿಂದ ನನ್ನ ಚಹಾ ತಪ್ಪಿತು, ಎಣ್ಣೆಯಿಂದ ನನ್ನ ಧೋತರ ಕೆಟ್ಟಿತು, ಕಾಲು ಕೂಡ್ರದ್ದರಿಂದ ನನ್ನ ಬೆರಳು ಸುಟ್ಟಿತು. ಎಲ್ಲಾ ನಾನು, ನಾನು. ಬಳಸುವವರನ್ನು ವಿಚಾರಿಸಿದ್ದೀರಾ ಎಂದು ಮುಂಬಯಿಯವರನ್ನು ಕೇಳಿದ ಶೂರ, ಹತ್ತು ಹೆಜ್ಜೆ ನಡೆದು ಅಡಿಗೆ ಮನೆಯಲ್ಲಿ ಕೇಳಲಿಲ್ಲ. ಮುಗಿಲಿಗೆ ಉಗುಳಿದರೆ ಮುಖಕ್ಕೇ ಬೀಳುವುದು. ನನ್ನ ಮೇಲೆ ನನಗೇ ಹೇಸಿಕೆ ಬಂದಿದೆ.

೧೧ ಜುಲೈ

ಕೇಳಿದೆ. ಏನು ಮಾಡಿದರೆ ಸ್ಟೋವಿನ ಮೇಲೆ ರೊಟ್ಟಿ ಆದೀತು ಎಂದೆ. ನನ್ನ ಮುಖ ನೋಡಿದಳು, ಬಲಗಣ್ಣಿನಿಂದ.

“ಉರಿ ಮ್ಯಾಲೆ ಒಂದ ದಪ್ಪನ ತಗಡ ಬೇಕ್ರಿ. ಸುತ್ತ ತೂತು ಇರಬೇಕು, ನಡುವ ಇರಬಾರದು. ನಡುವಿನ ಬೆಂಕಿ ಅಂಚಿಗಿ ಹರೀತದ. ಗಾಳಿ ಹಿಡಿಯಾಕ ನಾಕೂ ಕಡೆ ಗ್ವಾಡಿ.”

“ಇದು ಯಾವಾಗ ಹೊಳೀತು?”

“ಆವತ್ತೇ.”

ಫೆಬ್ರುವರಿ ಹದಿನಾಲ್ಕು!

೧೩ ಜುಲೈ

ನಿಜಾಮುದ್ದೀನ ಹಳೆಯ ಎಣ್ಣೆ ಡಬ್ಬಿ ಒಡೆದು ಗೋಡೆ ಮಾಡಿದ. ಬಂಡಿ ಗಾಲಿಯ ಕಬ್ಬಿಣ ಪಟ್ಟಿಯಿಂದ ತಗಡು ಬಡಿದು ಸುತ್ತ ತೂತು ಹೊಡೆದ. ಹೊಡೆಯುತ್ತ ನಿಲ್ಲಿಸಿ ಕೇಳಿದ.

“ಮಾಸ್ತರ, ಇದು ಯಾರ ಅಕಲು? ಕಂಪನಿಯವರದಲ್ಲ.”

“ನಮ್ಮ ಮನ್ಯಾಕಿದು,” ಎಂದೆ. ಅವನು ಮಷೀನಿನ ಎಣ್ಣೆಯನ್ನು ಒಂದು ಸೀಸೆಯಲ್ಲಿ ಕೊಟ್ಟು, ಕುಸುಬಿ ಎಣ್ಣೆಯ ಹತ್ತಿರ ಇಡಬೇಡಿರಿ ಎಂದ.

೧೪ ಜುಲೈ, ರವಿವಾರ. ಬೆಳಿಗ್ಗೆ ಒಂಬತ್ತು.

ಕಂಪನಿಗೆ ಹೊಸ ಪತ್ರ. ಈ ಸಲ ರುದ್ರವ್ವ ಒಳಗಿನಿಂದ ಹೇಳುತ್ತಾಳೆ, ನಾನು ಬರೆಯುತ್ತೇನೆ. “ರೊಟ್ಟಿಗಿ ಇಂಗ್ಲೀಷನ್ಯಾಗ ಏನಂತಾರ್ರಿ?” ಎಂದು ಕೇಳಿದಳು. ಗೊತ್ತಿಲ್ಲ. ರೊಟ್ಟಿ ಎಂದೇ ಬರೆದೆ. ಕಲಿತುಕೊಳ್ಳಲಿ ಅವರೇ.

ಅಡಿಗೆ ಮನೆಯಲ್ಲಿ ಸ್ಟೋವು ಭರ್ರೆನ್ನುತ್ತಿದೆ. ಮೇಲೆ ತಗಡು, ತಗಡಿನ ಮೇಲೆ ಹಂಚು. ಒಲೆಗೆ ಅವ್ವ ನೀರು ಹಾಕಿದ್ದಾಳೆ, ಕೇಳದೆಯೇ. ಮೊದಲನೆಯ ರೊಟ್ಟಿ ಬಿದ್ದ ಸದ್ದು. ಹೊಗೆ ಇಲ್ಲ.

ಕರೆಯುತ್ತಿದ್ದಾಳೆ.

“ಏನ್ರಿ, ಒಂದೀಟ ಬರ್ರಿ. ಅಂಚು ಬೆಂದದೋ ಇಲ್ಲೋ ನೋಡಿ ಹೇಳ್ರಿ... ಎಡಗಡೆ ಅಂಚು ನನಗ ಕಾಣವೊಲ್ದು.”

ಬಂದೆ ಎಂದೆ. ಏಳಬೇಕು. ಅಂಚು ನೋಡಿ ಬಂದು ಉಳಿದದ್ದು ಬರೆಯುತ್ತೇನೆ.