ಮೂರು ತೋಟಾ

ಎಲ್ಗಿನ್, ಆರೆಗಾನ್
ಅಕ್ಟೋಬರ್ 9, 2011, ಭಾನುವಾರ

ಅಕ್ಕರೆಯ ತಂಗಿ ಆರ್ಡಿಸ್‌ಗೆ,

ನಿನ್ನ ಅಣ್ಣ ಇನ್ನೂ ಉಸಿರಾಡಿಕೊಂಡು, ಎರಡು ಹೊತ್ತು ಉಂಡುಕೊಂಡು ಇದ್ದಾನೆ ಎಂದು ಮೊದಲು ತಿಳಿಸುತ್ತೇನೆ. ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಅಡಿಗೆಮನೆಯ ಮೇಜಿನ ಮೇಲೆ ಉಪ್ಪಿನ ಡಬ್ಬಿಗೆ ಒರಗಿಸಿಟ್ಟಿದ್ದೇನೆ. ತಿನ್ನಲು ಕೂತಾಗಲೆಲ್ಲ ಅದು ನನ್ನ ಮುಖ ನೋಡುತ್ತದೆ. ತಡವಾದದ್ದಕ್ಕೆ ಮೊಣಕಾಲು ನೋವಿನ ನೆಪ ಹೇಳಬಹುದಿತ್ತು. ಆದರೆ ಯಾರೂ ಮೊಣಕಾಲಿನಿಂದ ಕಾಗದ ಬರೆಯುವುದಿಲ್ಲವಲ್ಲ.

ನೀನು ಹೆಣೆದು ಕಳಿಸಿದ ಉಣ್ಣೆಯ ಕಾಲುಚೀಲಗಳು ಬಂದವು. ನನ್ನ ಬೇಟೆಯ ಗೆಳೆಯ ಡೆಲ್ಮರ್ ಒಂದು ಕಾಲಿಗೆ ನೀಲಿ, ಇನ್ನೊಂದಕ್ಕೆ ನನ್ನ ಜೋಡಿಯಿಂದ ಕದ್ದ ಬೂದುಬಣ್ಣದ್ದು ಹಾಕಿಕೊಂಡು ಕಾಡಿಗೆ ಹೊರಟ. ನಾನು ನೋಡಿದ್ದನ್ನು ಅವನೂ ನೋಡಿದ. "ಇದು ಮರೆವಲ್ಲ ಕಣೋ, ಫ್ಯಾಷನ್ನು. ನಿನ್ನ ತಂಗೀಗೆ ಬರಿ, ಚೆನ್ನಾಗಿವೆ ಅಂತ" ಎಂದ. ಬರೆದಿದ್ದೇನೆ.

"ಡೆಲ್ಮರ್‌ಗೆ ಹೋರಿ ಸಿಕ್ಕಿತೇ?" ಎಂದು ನೀನು ಅಡಿಗೆರೆ ಎಳೆದು ಕೇಳಿದ್ದೀಯ. ಚಿಕ್ಕಂದಿನಲ್ಲಿ ಅವನ ಹಿಂದೆ ಓಡಾಡಿ ಎಲ್ಕ್ ಹೋರಿಯ, ಕಡವೆಯಂಥ ಆ ದೊಡ್ಡ ಗಂಡು ಜಿಂಕೆಯ, ಕೂಗು ಕಲಿತವಳು ನೀನು; ಕೇಳುವ ಹಕ್ಕು ನಿನಗಿದೆ. ಹೇಳುತ್ತೇನೆ, ಸ್ವಲ್ಪ ಸುತ್ತಿ ಬರುತ್ತೇನೆ.

ನಮ್ಮೂರ ಮೇಲಿನ ಗುಡ್ಡದ ದೊಡ್ಡ ಹೋರಿ ಹೊಡೆಯುವ ಪರವಾನಗಿ ಚೀಟಿಗೆ ಅವನು ಹತ್ತೊಂಬತ್ತು ವರ್ಷ ಅರ್ಜಿ ಹಾಕಿದ. ಹತ್ತೊಂಬತ್ತು ವರ್ಷ ಲಾಟರಿಯಲ್ಲಿ ಹೆಸರು ಬರಲಿಲ್ಲ. ಈ ವರ್ಷ ಬಂತು. ಬರುವ ಹೊತ್ತಿಗೆ ಅವನಿಗೇ ತನ್ನ ಹೆಸರು ಆಗಾಗ ತಪ್ಪಿಹೋಗುತ್ತಿತ್ತು. ಚಳಿಗಾಲದಲ್ಲಿ ಅವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದವನು ನಾನೇ. ಅವರು ಕನ್ನಡಕ ಒರೆಸಿಕೊಂಡು, "ಈ ಮರೆವಿಗೆ ಮದ್ದಿಲ್ಲ" ಅಂದರು. ಇವನು, "ಬಿಡಿ ಡಾಕ್ಟ್ರೇ, ನಂಗೆ ಗೊತ್ತಿರೋದು ಕೋವಿ ಮದ್ದು ಒಂದೇ" ಎಂದು ನಕ್ಕುಬಿಟ್ಟ. ಡಾಕ್ಟರೂ ನಕ್ಕರು. ನನ್ನ ಪುಟ್ಟ ಲಾರಿಗೆ ಬಂದ ಮೇಲೆ ಅವನು ನಗಲಿಲ್ಲ.

ಅವನ ಮಗಳು ಜೋಲೀನ್ ಅವನನ್ನು ಆರೈಕೆಯ ಮನೆಗೆ ಸೇರಿಸಬೇಕೆಂದು ವಸಂತದಿಂದ ಬೇಡುತ್ತಿದ್ದಳು. ಅವಳದೇನೂ ತಪ್ಪಿಲ್ಲ, ಎರಡು ಸಲ ಒಲೆ ಹಚ್ಚಿಟ್ಟು ಹೊರಗೆ ಹೋಗಿದ್ದಾನೆ. ಕೊನೆಗೆ ಅಪ್ಪ ಮಗಳು ನನ್ನೆದುರೇ ಒಂದು ಕರಾರಿಗೆ ಬಂದರು. "ನನ್ನ ಕೋವಿಗೆ ನಾನೇ ತೋಟಾ ತುಂಬ್ಕೊಳ್ಳೋವರೆಗೂ ಎಲ್ಲಿಗೂ ಬರಲ್ಲ. ಅದು ಮರೆತ ದಿನ ನಾನೇ ಪೆಟ್ಟಿಗೆ ಕಟ್ತೀನಿ. ಮಾತಂದ್ರೆ ಮಾತು" ಅಂದ. ಜೋಲೀನ್ ಒಪ್ಪಿದಳು. ಬಾಗಿಲ ಹತ್ತಿರ ನನ್ನ ತೋಳು ಹಿಡಿದು, "ಆರಿನ್ ಮಾಮ, ಅಪ್ಪನ ಕೋವಿ ನಿಮ್ಮ ಜವಾಬ್ದಾರಿ" ಎಂದಳು. ಆಗಲಿ ಎಂದೆ. ಹೇಳಲು ಎಷ್ಟು ಸುಲಭದ ಮಾತು!

ನಾನು ಕೋವಿ ಒಯ್ಯಲಿಲ್ಲ. ಚೀಟಿ ಯಾರ ಹೆಸರಲ್ಲಿದೆಯೋ ಅವನೇ ಗುಂಡು ಹಾರಿಸಬೇಕು, ಅದು ಕಾನೂನು. ನನ್ನ ಪಾಲಿಗೆ ಚೂರಿ, ಹಗ್ಗ, ಕಾಫಿ. ಹಳೆಯ ಜಾಗದಲ್ಲೇ ಗುಡಾರ ಹೊಡೆದೆವು. ಕಾಫಿಪಾತ್ರೆ ಎಲ್ಲಿಟ್ಟೆ ಎಂದು ಅವನು ದಿನಕ್ಕೆ ಆರು ಸಲ ಕೇಳಿದ. ಆದರೆ ಆರ್ಡಿಸ್, ಯಾವ ಹೊತ್ತಿಗೆ ಯಾವ ಕಣಿವೆಯಲ್ಲಿ ಗಾಳಿ ಎತ್ತ ತಿರುಗುತ್ತದೆ, ಹೋರಿ ಎಲ್ಲಿ ಕೆಸರಲ್ಲಿ ಹೊರಳುತ್ತದೆ, ಒಂದೂ ಮರೆತಿರಲಿಲ್ಲ. ಕಾಡಿನಲ್ಲಿ ಅವನು ಮುಂದೆ, ನಾನು ಹಿಂದೆ, ಐವತ್ತು ವರ್ಷದಿಂದ ಹೇಗೋ ಹಾಗೆ.

ಮೂರನೆಯ ದಿನ ಬೆಳಿಗ್ಗೆ ಅವನನ್ನು ಒಂದು ಮರದ ಬುಡದಲ್ಲಿ ಕೂರಿಸಿ ನಾನು ನೀರಿಗೆ ಹೋದೆ. ವಾಪಸು ಬರುವಾಗ ಕೋವಿಯ ಬಾಯಿ ನೇರ ನನ್ನೆದೆಗಿತ್ತು.

"ಯಾರೋ ಅದು?"

"ನಾನು ಕಣೋ, ಆರಿನ್."

"ಯಾವ ಆರಿನ್?"

ಕಿತ್ತಳೆ ಬಣ್ಣದ ಕೋಟು ಹಾಕಿದ್ದೆ, ಕೈಯಲ್ಲಿ ನೀರಿನ ಚೀಲ. ನಾನು ಅಲ್ಲಾಡಲಿಲ್ಲ. ಅರ್ಧ ನಿಮಿಷವಿರಬಹುದು. ಆಮೇಲೆ ಅವನ ಮುಖದಲ್ಲಿ ದೀಪ ಹತ್ತಿತು. "ಗೊತ್ತು ಬಿಡೋ! ನಿನ್ನಷ್ಟು ಕೆಟ್ಟದಾಗಿ ನಡೆಯೋ ಎಲ್ಕ್ ಇನ್ನೂ ಹುಟ್ಟಿಲ್ಲ" ಎಂದು ಕೋವಿ ಇಳಿಸಿದ. ಇಬ್ಬರೂ ನಕ್ಕೆವು.

ಮಧ್ಯಾಹ್ನ ರೊಟ್ಟಿ, ಒಣಮಾಂಸ ತಿಂದು ಅವನು ಅಲ್ಲೇ ಒರಗಿ ಒಂದು ಜೊಂಪು ಹೊಡೆದ. ನಾಲ್ಕು ಗಂಟೆಗೆ ಎದ್ದು ಕೂಗುವ ಕೊಳವೆ ಬಾಯಿಗಿಟ್ಟು ಹೋರಿಯ ಹಾಗೆ ಕೂಗಿದ. ಆ ಕೂಗು ನಿನಗೆ ಗೊತ್ತಲ್ಲ: ತಳದಲ್ಲಿ ಗುರುಗುಟ್ಟಿ, ಏರಿ ಏರಿ ಸಿಳ್ಳಾಗಿ, ತುದಿಯಲ್ಲಿ ಮುರಿದು ಬೀಳುವುದು. ಆಚೆ ದಿಬ್ಬದಿಂದ ಉತ್ತರ ಬಂತು. ಇವನು ಕೆಣಕಿದ, ಅದು ಬೈಯಿತು. ಕೋಲಿನಿಂದ ಪೊದೆ ಬಡಿದ, ಅದು ಕೊಂಬಿನಿಂದ ಮರ ಬಡಿಯಿತು. ಒಂದು ಗಳಿಗೆಗೆ ಅದು ನಲವತ್ತು ಹೆಜ್ಜೆಯ ದೂರಕ್ಕೆ ಬಂದು ಅಡ್ಡ ನಿಂತಿತು. ಆರು ಕವಲಿನ ಕೊಂಬು, ಮೈತುಂಬ ಕೆಸರು, ಮೂಗಿನಿಂದ ಹಬೆ. ಡೆಲ್ಮರ್ ಕೋವಿ ಎತ್ತಿದ ರೀತಿಯನ್ನು ನೀನು ನೋಡಬೇಕಿತ್ತು. ಅರ್ಧ ಉಸಿರು ಬಿಟ್ಟು ಹಿಡಿದ.

ಟಕ್ ಎಂದಿತು. ಅಷ್ಟೇ.

ಅವನು ಕೋವಿಯ ಚಿಲಕ ಎಳೆದು ನೋಡಿದ. ಬೆರಳು ತೂರಿಸಿ ನೋಡಿದ. ಬರಿದು. ಹೋರಿ ಕಿವಿ ನಿಮಿರಿಸಿ, ನಮ್ಮಿಬ್ಬರನ್ನೂ ನೋಡಿ, ಅವಸರವಿಲ್ಲದೆ ಹೊರಟುಹೋಯಿತು.

"ಆರಿನ್, ನಾನು ತೋಟಾ ತುಂಬೋದೇ ಮರೆತ್ಬಿಟ್ಟೆ ಕಣೋ" ಎಂದ.

ನಾನು ಏನು ಹೇಳಿದೆ ಗೊತ್ತೇ? "ಯಾರಿಗಾದ್ರೂ ಆಗುತ್ತೆ ಬಿಡೋ" ಎಂದೆ.

ಕೋವಿಯನ್ನು ನನ್ನ ಮುಖ ನೋಡದೆ ನನ್ನ ಕೈಗಿಟ್ಟ. ಇನ್ನೂ ನಾಲ್ಕು ದಿನ ಬೇಟೆಯ ಅವಧಿ ಇತ್ತು. ಲಾರಿ ತಲುಪಿದ ಮೇಲೆ, "ಜೋಲೀನ್‌ಗೆ ಫೋನ್ ಮಾಡು. ಮಾತಂದ್ರೆ ಮಾತು" ಎಂದ. ಮಂಗಳವಾರ ತಾನೇ ಪೆಟ್ಟಿಗೆ ಕಟ್ಟಿದ. ಹೊಡೆಯದ ಹೋರಿಯ ಚೀಟಿಯನ್ನು ಮಡಿಸಿ ನಿನ್ನ ನೀಲಿ ಕಾಲುಚೀಲದೊಳಗೆ ಇಟ್ಟುಕೊಂಡಿದ್ದಾನೆ.

ಅಲ್ಲಿ ಊಟ ಪರವಾಗಿಲ್ಲ. ಕಿಟಕಿಯಿಂದ ಗುಡ್ಡ ಕಾಣಿಸುತ್ತದೆ. ಅದು ಒಳ್ಳೆಯದೋ ಕೆಟ್ಟದ್ದೋ ನನಗೆ ತಿಳಿಯದು. ನಾನು ದಿನಾ ಹೋಗಿ ಬರುತ್ತೇನೆ. ಮೇಲಿನ ಬೆಟ್ಟಸಾಲಿಗೆ ಆಗಲೇ ಹಿಮ ಬಿದ್ದಿದೆ. ಚಳಿಗೆ, ಮಿಲ್ಲಿನ ಕೆಲಸಕ್ಕೆ ಹೋಗುತ್ತಿದ್ದಾಗಿನ ಹಳೆಯ ಜಾಕೀಟು ಹಾಕುತ್ತಿದ್ದೇನೆ. ಕಿತ್ತಳೆ ಕೋಟು ಬಾಗಿಲ ಹಿಂದಿನ ಮೊಳೆಯಲ್ಲೇ ಇದೆ, ತೊಡಲು ಮನಸ್ಸಾಗುತ್ತಿಲ್ಲ.

ನಿನ್ನ ಬೆರಳ ಗಂಟುಗಳ ನೋವು ಈ ಚಳಿಗಾಲ ನಿನ್ನನ್ನು ಮರೆತುಬಿಡಲಿ. ನಿನ್ನ ಒಲೆಗೆ ಸೌದೆ, ನಿನ್ನ ಬಾಗಿಲಿಗೆ ನೆರೆಯವರು ತಪ್ಪದಿರಲಿ. ದೇವರು ನಿನ್ನನ್ನು ನನಗಿಂತ ಚೆನ್ನಾಗಿ ಕಾಯಲಿ.

ನಿನ್ನ ಪ್ರೀತಿಯ ಅಣ್ಣ,
ಆರಿನ್

ತಾಜಾಕಲಮು: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದು ಕಾಗದ ಹೊರತೆಗೆದೆ. ಆರ್ಡಿಸ್, ಅವನು ಮರೆತಿರಲಿಲ್ಲ. ಆ ದಿನ ಬೆಳಕು ಹರಿಯುವಾಗ ಅವನು ಒಂದು, ಎರಡು, ಮೂರು ಎಂದು ಎಣಿಸಿ ತೋಟಾ ತುಂಬಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಮಧ್ಯಾಹ್ನ ಅವನು ಮಲಗಿದ್ದಾಗ ಮೆಲ್ಲಗೆ ಚಿಲಕ ಎಳೆದು ಮೂರನ್ನೂ ತೆಗೆದವನು ನಾನು. ಹೋರಿ ನಿಂತಾಗ ಅವು ನನ್ನ ಕೋಟಿನ ಬಲಜೇಬಿನಲ್ಲಿದ್ದವು. ಕೈ ಹಾಕಿ ಹಿಡಿದುಕೊಂಡಿದ್ದೆ, ಮೈಶಾಖಕ್ಕೆ ಬೆಚ್ಚಗಾಗಿದ್ದವು. ಈಗಲೂ ಅಲ್ಲೇ ಇವೆ.

ಜೋಲೀನ್‌ಗೆ ಹೇಳಿದೆ. "ನೀವು ಮಾಡಿದ್ದೇ ಸರಿ ಮಾಮ" ಅಂದಳು. ಇನ್ನೊಮ್ಮೆ ಆ ಕೋವಿಯ ಬಾಯಿ ನನ್ನೆದೆಗೆ ಬಂದರೆ ನಾನು ಮತ್ತೆ ಅದನ್ನೇ ಮಾಡುತ್ತೇನೆ, ತಂಗಿ. ಅದೇ ನನ್ನ ಕಷ್ಟ.

ಗುರುವಾರ ಅವನಿಗೇ ಹೇಳಿದೆ. ಬೈಯುತ್ತಾನೆ ಎಂದುಕೊಂಡೆ. "ಹಾಗಾದ್ರೆ ನಾನು ತುಂಬಿದ್ನಾ?" ಎಂದು ಕೇಳಿದ. "ತುಂಬಿದ್ದೆ ಕಣೋ, ಮೂರೂ" ಎಂದೆ. ನನ್ನ ಕೈ ಹಿಡಿದು ಮಗುವಿನ ಹಾಗೆ ನಕ್ಕ. ನಾನು ಕಣ್ಣೊರೆಸಿಕೊಂಡು ಇಬ್ಬರಿಗೂ ಕಾಫಿ ತರಲು ಎದ್ದೆ. ಎರಡು ನಿಮಿಷ ಆಗಿರಬಹುದು. ಬಂದಾಗ, "ಬಾರೋ ಆರಿನ್. ನಿಂಗೊಂದು ವಿಷಯ ಹೇಳ್ಬೇಕು. ನಾನು ತೋಟಾ ತುಂಬೋದೇ ಮರೆತ್ಬಿಟ್ಟೆ" ಎಂದ.

ಬೇರೆಲ್ಲ ಮರೆತವನಿಗೆ ಅದೊಂದು ಮರೆಯುತ್ತಿಲ್ಲ. ಶುಕ್ರವಾರ ಹೇಳಿದೆ, ನಿನ್ನೆ ಹೇಳಿದೆ. ಎರಡು ಸಲವೂ ಹಾಗೇ ನಕ್ಕ. ನಾಳೆಯೂ ಹೋಗಿ ಹೇಳುತ್ತೇನೆ. ಕಾಫಿಗೆ ಮಾತ್ರ ಏಳುವುದಿಲ್ಲ.