ಕೊನೆಯ ಸ್ಥಾನದ ಕಂತು

೧೫ ನವೆಂಬರ್ ೧೯೯೭, ಶನಿವಾರ. ಶೆಫೀಲ್ಡ್.

ಅಭಿಮಾನಿಗಳ ಕ್ಲಬ್ಬಿನ ಮತದಾನದಲ್ಲಿ ನನ್ನ ಮೆಚ್ಚಿನ ಕಂತಿಗೆ ಮತ್ತೆ ಕೊನೆಯ ಸ್ಥಾನ. ಮೂವತ್ತು ವರ್ಷದ ಟಿವಿ ಧಾರಾವಾಹಿಯಲ್ಲಿ ಅದಕ್ಕಿಂತ ಕಳಪೆ ಇನ್ನೊಂದಿಲ್ಲವಂತೆ.

"ರಾಕ್ಷಸ ಇಲ್ಲ, ಯುದ್ಧ ಇಲ್ಲ. ಒಬ್ಬ ಮುದುಕ ಬಾಹ್ಯಾಕಾಶದಲ್ಲಿ ರೇಡಿಯೊ ಹಿಡ್ಕೊಂಡು ಕಾಯ್ತಾ ಕೂತಿರ್ತಾನೆ, ಅಷ್ಟೇ! ಅದಕ್ಕೆ ಯಾರಾದ್ರೂ ಮತ ಹಾಕ್ತಾರೇನೋ ಟ್ರೆವರ್?" ಎಂದು ಕ್ಲಬ್ಬಿನ ಗೆಳೆಯ ಕ್ಲೈವ್ ಪಬ್ಬಿನಲ್ಲಿ ಎಲ್ಲರೆದುರು ನಕ್ಕ. ಆ ಕಾಯುವುದೇ ಕತೆ ಕಣಯ್ಯಾ ಎನ್ನಬೇಕಿತ್ತು.

ಆ ಕಂತಿನ ಚಿತ್ರವನ್ನು ಟಿವಿಯವರು ಎಂದೋ ಅಳಿಸಿಹಾಕಿದರು. ಉಳಿದಿರುವುದು, ನಾನು ಒಂಬತ್ತನೇ ವಯಸ್ಸಿನಲ್ಲಿ ಟಿವಿಗೆ ಮೈಕ್ ಹಿಡಿದು ಟೇಪಿನಲ್ಲಿ ತುಂಬಿಕೊಂಡ ಧ್ವನಿ ಮಾತ್ರ. ಆ ಇಪ್ಪತ್ತೈದು ನಿಮಿಷ ಮನೆಯಲ್ಲಿ ಯಾರೂ ಉಸಿರೆತ್ತುವಂತಿರಲಿಲ್ಲ.

ಕ್ಲೈವ್ ಆ ಟೇಪನ್ನು ಕಂಪ್ಯೂಟರಿನಲ್ಲಿ ಶುದ್ಧಮಾಡಿ, ಹೊಸ ಪ್ರತಿ ಕೊಟ್ಟ. "ನಿಮ್ಮನೆ ಗಲಾಟೆ ಎಲ್ಲ ತೆಗ್ದಿದೀನಿ ನೋಡು." ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದಾನೆ. ಮನೆಗೆ ಬಂದು ಕೇಳಿದೆ. ಮುದುಕ ರೇಡಿಯೊದಲ್ಲಿ "ಯಾರಾದರೂ ಇದ್ದೀರಾ?" ಎನ್ನುತ್ತಾನೆ. ಆಮೇಲೆ ಬರೀ ಮೌನ.

ಹಳೆಯ ಟೇಪನ್ನೇ ಹಾಕಿದೆ. ಅದರಲ್ಲಿ ಆ ಪ್ರಶ್ನೆಯ ಬೆನ್ನಿಗೇ ನಮ್ಮನೆಯ ಬಾಗಿಲು ಕಿರುಗುಟ್ಟುತ್ತದೆ. ಉಕ್ಕಿನ ಕಾರ್ಖಾನೆಯಿಂದ ಬಂದ ಅಪ್ಪ ಪಿಸುಗುಡುತ್ತಾನೆ: "ಟೀ ಕುಡಿತೀಯೇನೋ ಮಗಾ?" ನಾನು "ಶ್ಶ್!" ಎನ್ನುತ್ತೇನೆ. ಬಾಗಿಲು ಮುಚ್ಚಿಕೊಳ್ಳುತ್ತದೆ. ತೀರಿಹೋದ ಅಪ್ಪನ ದನಿ ನನ್ನ ಬಳಿ ಉಳಿದಿರುವುದು ಅಷ್ಟೇ.

ನಾಲ್ಕು ಸಲ ಹಿಂದಕ್ಕೆ ತಿರುಗಿಸಿ ಕೇಳಿದೆ. ಪ್ರತಿ ಸಲವೂ "ಹ್ಞೂಂ ಅಪ್ಪ, ಕುಡಿತೀನಿ" ಎನ್ನಲು ಬಾಯಿ ತೆರೆದೆ. ಪ್ರತಿ ಸಲವೂ ಆ ಹುಡುಗ ನನಗಿಂತ ಮೊದಲೇ "ಶ್ಶ್" ಎಂದುಬಿಡುತ್ತಾನೆ.